ತಲೆಗೂ ಬಾಲಕ್ಕೂ ನಡುವೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಫೋನಿಟ್ಟ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದೆ. ಅಜ್ಜಿಯ ಸರ್ಪಸುತ್ತಿಗೆ ಮೊದಲು ಆಸ್ಪತ್ರೆಗೆ ಹೋಗದೆ ನಾಟಿ ಮದ್ದು ಹಾಕಿಸಿದ್ದು ಕೇಳಿ "ಅಮ್ಮಾ, ನೀನು ಸೈನ್ಸ್ ಟೀಚರ್. ನೀನೂ ಅದನ್ನೆಲ್ಲ ನಂಬ್ತೀಯಾ?" ಅಂತ ಕೇಳಿದೆಯಲ್ಲ, ಅದಕ್ಕೆ ಆಗ ಉತ್ತರ ಹೇಳಲಿಲ್ಲ. ಒಳಗೆ ಅಜ್ಜಿ ಮಲಗಿದ್ದರು, ಮಾತು ಕೇಳಿಸುತ್ತಿತ್ತು. ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದು ಅಳಿಸಿದೆ. ಅಷ್ಟರಲ್ಲಿ ಮುಗಿಯುವ ವಿಷಯ ಅಲ್ಲ ಇದು.

ಮೊದಲು ಒಂದು ಮಾತು. ನಿನ್ನ ಸಿಟ್ಟು ಸರಿ. ಅಜ್ಜಿಯ ನೋವು ಇನ್ನೂ ಹೋಗಿಲ್ಲ. ಸೀರೆ ಸೆರಗು ತಾಗಿದರೂ ಕೆಂಡ ಇಟ್ಟ ಹಾಗಾಗುತ್ತೆ ಅಂತಾರೆ. ರಾತ್ರಿ ಎರಡು ಮೂರು ಸಲ ಏಳುತ್ತಾರೆ. ನಾನು ಮೊದಲ ದಿನವೇ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನೋದನ್ನು ನಿನಗೆ ಹೇಳಬೇಕು.

ಆಷಾಢದ ಮಳೆ ಜೋರಾಗಿ ಹಿಡಿದಿತ್ತು. ಅಜ್ಜಿಗೆ ಎರಡು ದಿನದಿಂದ ಎಡ ಪಕ್ಕೆಯಲ್ಲಿ ಉರಿ. ಉಳುಕಿರಬೇಕು ಅಂದುಕೊಂಡೆವು. ಮೂರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಿಂದಲೇ ನನ್ನನ್ನು ಕರೆದರು. ನೋಡಿದರೆ ಬೆನ್ನಿನ ಮಧ್ಯದಿಂದ ಪಕ್ಕೆಲುಬಿನ ಗುಂಟ ಮುಂದಕ್ಕೆ ಕೆಂಪಗೆ ಒಂದು ಪಟ್ಟಿ, ಅದರ ಮೇಲೆ ಸಾಲು ಸಾಲು ನೀರುಗುಳ್ಳೆ. ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಕೇಳಿದರು, "ತಲೆ ಎಲ್ಲಿದೆ, ಬಾಲ ಎಲ್ಲಿದೆ, ನೋಡೇ." ಸರ್ಪಸುತ್ತಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯೋದಿಲ್ಲ ಅಂತ ಅವರು ಚಿಕ್ಕಂದಿನಿಂದ ಕೇಳಿದವರು. ಅವರ ಕೈ ನಡುಗುತ್ತಿತ್ತು ಪುಟ್ಟಿ. ಎಂಬತ್ತು ದಾಟಿದ ಆ ಹೆಂಗಸಿನ ಕೈ ನಡುಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಆ ಪಟ್ಟಿಯ ಎರಡು ತುದಿಗಳ ನಡುವೆ ಬೆರಳಿಟ್ಟು ಅಳೆದೆ. "ಇನ್ನೂ ಬಹಳ ದೂರ ಇದೆ ಅತ್ತೆ, ಹೆದರಬೇಡಿ" ಅಂದೆ.

ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಹಾವಿನ ಉದ್ದ ಅಳೆದೆ. ಅದು ಹಾವಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಅಳೆದೆ.

ಮಧ್ಯಾಹ್ನ ನಿನ್ನ ಅಪ್ಪ ಜೀಪಿನಲ್ಲಿ ಹೊಳೆಯಾಚೆಗೆ ಕರೆದುಕೊಂಡು ಹೋದರು. ಅಲ್ಲಿ ಸರ್ಪಸುತ್ತಿಗೆ ಮದ್ದು ಹಾಕುವ ಅಜ್ಜನನ್ನು ನೀನೂ ನೋಡಿದ್ದೀಯ. ಕಲ್ಲಿನ ಮೇಲೆ ಕಾವಿ ತೇಯ್ದು, ಗರಿಕೆಯಲ್ಲಿ ಅದ್ದಿ, ತಲೆ ಇರುವ ಕಡೆಯಿಂದ ಶುರು ಮಾಡಿ ಹಚ್ಚಿದರು. ಮೂರು ದಿನ ಬೆಳಿಗ್ಗೆ ಬರಬೇಕು, ಕರಿದದ್ದು ತಿನ್ನಬಾರದು ಅಂದರು. ದುಡ್ಡು ಮುಟ್ಟಲಿಲ್ಲ. ಎಲೆ ಅಡಿಕೆ ಮಾತ್ರ ತೆಗೆದುಕೊಂಡರು. ಅವರನ್ನು ನೀನು ಫೋನಿನಲ್ಲಿ "ಮೋಸಗಾರ" ಅಂದೆ. ಆ ಮಾತು ಮಾತ್ರ ವಾಪಸ್ ತೆಗೆದುಕೋ. ಅವರು ಮೋಸ ಮಾಡುತ್ತಿಲ್ಲ. ಅವರು ನಂಬಿದ್ದಾರೆ.

ಯಾಕೆ ನಂಬುತ್ತಾರೆ ಅಂತ ಯೋಚನೆ ಮಾಡು. ಸರ್ಪಸುತ್ತು ಯಾವುದರಿಂದ ಬರುತ್ತೆ ಅಂತ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಎದ್ದಿತ್ತು ಅಂತೀವಲ್ಲ, ಅದೇ ಚಿಕನ್‌ಪಾಕ್ಸಿನ ವೈರಸ್. ಕಾಯಿಲೆ ವಾಸಿಯಾದರೂ ಅದು ಹೋಗೋದಿಲ್ಲ, ಬೆನ್ನುಹುರಿಯ ಹತ್ತಿರದ ನರದ ಬುಡದಲ್ಲಿ ನಿದ್ದೆ ಮಾಡುತ್ತಾ ಇರುತ್ತೆ. ವಯಸ್ಸಾಗಿ ಮೈಯ ಶಕ್ತಿ ಕುಂದಿದಾಗ ಏಳುತ್ತೆ. ಎದ್ದ ನರದ ಗುಂಟವೇ ಗುಳ್ಳೆ ಬರುತ್ತೆ. ಆ ನರ ಮೈಯ ಒಂದೇ ಪಕ್ಕಕ್ಕೆ ಸೇರಿದ್ದು. ಹಾಗಾಗಿ ಗುಳ್ಳೆಯ ಪಟ್ಟಿ ಮೈಯ ನಟ್ಟನಡುವೆ ಬಂದು ನಿಂತುಬಿಡುತ್ತೆ. ಸುತ್ತು ಪೂರ್ತಿ ಆಗೋದಿಲ್ಲ. ಮದ್ದು ಹಾಕಿಸಿದವರಿಗೂ ತಲೆ ಬಾಲ ಕೂಡೋದಿಲ್ಲ, ಹಾಕಿಸದವರಿಗೂ ಕೂಡೋದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ತಾನಾಗಿಯೇ ಒಣಗುತ್ತೆ.

ಈಗ ಆ ಅಜ್ಜನ ಜಾಗದಲ್ಲಿ ಕೂತು ನೋಡು. ಜೀವಮಾನವಿಡೀ ಕಾವಿ ಹಚ್ಚಿದ್ದಾರೆ. ತಲೆ ಬಾಲ ಕೂಡಿದ್ದನ್ನು ಒಮ್ಮೆಯೂ ನೋಡಿಲ್ಲ. ಬಂದವರೆಲ್ಲ ತಿಂಗಳೊಳಗೆ ಗುಣವಾಗಿ ಬಾಳೆಗೊನೆ ಹಿಡಿದುಕೊಂಡು ಬಂದು ಕೈಮುಗಿದಿದ್ದಾರೆ. ನಮ್ಮ ಅಜ್ಜಿಯ ಹಾಗೆ ನೋವು ಉಳಿದವರು ವಾಪಸ್ ಅವರ ಹತ್ತಿರ ಹೋಗೋದಿಲ್ಲ, ಆಸ್ಪತ್ರೆಗೆ ಹೋಗುತ್ತಾರೆ. ಅದು ಅವರ ಕಣ್ಣಿಗೆ ಬೀಳೋದೇ ಇಲ್ಲ. ಅವರ ಕಣ್ಣಿಗೆ ಬಿದ್ದಿದ್ದು ಬರೀ ಗೆಲುವು. ಅವರು ನಂಬದೆ ಇರೋದು ಹೇಗೆ ಹೇಳು?

ಗುಳ್ಳೆ ಕಂಡ ನಾಲ್ಕನೇ ದಿನ ಅಜ್ಜಿ ನೋವಿಗೆ ಅಳತೊಡಗಿದರು. ಆಗ ಆಸ್ಪತ್ರೆಗೆ ಹೋದೆವು. ವೈರಸ್ಸಿಗೆ ಮಾತ್ರೆ ಇದೆ, ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು ಅಂದರು ಡಾಕ್ಟರು. ಬೈಯಲಿಲ್ಲ. ನನಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನೀನು ಕೇಳಿದ್ದು ನನ್ನ ಬಗ್ಗೆ. ನನಗೆ ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಅದಕ್ಕೆ ಹಳೆಯ ಒಂದು ರಾತ್ರಿಯ ಕಥೆ ಹೇಳಬೇಕು.

ನಿನಗೆ ಆಗ ಎರಡು ವರ್ಷ. ಜ್ವರ ಏರಿ ಮೈ ಕೆಂಡವಾಗಿತ್ತು. ಅಪ್ಪ ಶಿವಮೊಗ್ಗಕ್ಕೆ ಹೋದವರು ಬಂದಿರಲಿಲ್ಲ. ಹಳ್ಳದ ಕಾಲುಸಂಕದ ಮೇಲೆ ನೀರು ಹರಿಯುತ್ತಿತ್ತು, ಕರೆಂಟ್ ಇಲ್ಲ, ಫೋನ್ ಸತ್ತು ನಾಲ್ಕು ದಿನ. ಮನೆಯಲ್ಲಿದ್ದ ಸಿರಪ್ ಕುಡಿಸಿದ್ದಾಗಿತ್ತು. ಬಟ್ಟೆ ಒದ್ದೆ ಮಾಡಿ ಒರೆಸಿದ್ದೂ ಆಗಿತ್ತು. ಬೆಳಗಾಗುವವರೆಗೆ ಇನ್ನೇನೂ ಮಾಡುವುದಕ್ಕಿಲ್ಲ. ಆಗ ಅಜ್ಜಿ ಉಪ್ಪು, ಒಣಮೆಣಸು, ಸಾಸಿವೆ ತಂದು ನನ್ನ ಕೈಗೆ ಕೊಟ್ಟರು. ನಾನು ನಿನಗೆ ಮೂರು ಸುತ್ತು ಇಳಿ ತೆಗೆದು ಬಚ್ಚಲ ಒಲೆಗೆ ಹಾಕಿದೆ. ಮೆಣಸು ಸುಟ್ಟರೂ ಘಾಟು ಬರಲಿಲ್ಲ. "ನೋಡು, ಎಷ್ಟು ದೃಷ್ಟಿ ಆಗಿತ್ತು ಮಗೂಗೆ" ಅಂದರು ಅಜ್ಜಿ. ಬೆಳಗಿನ ಜಾವ ನಿನ್ನ ಹಣೆ ಬೆವರಿತು. ಜ್ವರ ಇಳಿಯಿತು.

ಅವತ್ತು ನಾನು ಆ ಮೆಣಸನ್ನು ನಂಬಿದೆ. ಆಮೇಲೆ ಎಷ್ಟೋ ವರ್ಷ ಅರ್ಧ ನಂಬಿಕೊಂಡೇ ಇದ್ದೆ. ನಿಧಾನಕ್ಕೆ ಕೂತು ಯೋಚಿಸಿದಾಗ ಕಂಡಿದ್ದು ಇಷ್ಟು. ಜ್ವರ ಕಡಿಮೆ ಇದ್ದಾಗ ಯಾರೂ ದೃಷ್ಟಿ ತೆಗೆಯೋದಿಲ್ಲ. ಇನ್ನು ಏರಲು ಜಾಗ ಇಲ್ಲ ಅನ್ನುವಾಗ ತೆಗೀತೀವಿ. ಅಲ್ಲಿಂದ ಮುಂದೆ ಅದು ಸಾಮಾನ್ಯವಾಗಿ ಇಳಿಯುತ್ತೆ, ಇಳಿದದ್ದರ ಹೆಸರು ಮೆಣಸಿಗೆ ಬರುತ್ತೆ. ಘಾಟು ಬರದಿದ್ದರೆ ದೃಷ್ಟಿ ಜಾಸ್ತಿ ಇತ್ತು ಅಂತ, ಬಂದರೆ ದೃಷ್ಟಿ ಇರಲಿಲ್ಲ ಅಂತ. ಎರಡು ಕಡೆಯಿಂದಲೂ ಮೆಣಸು ಸೋಲೋದಿಲ್ಲ.

ಪಾರಿವಾಳಗಳೂ ಹೀಗೇ ಮಾಡುತ್ತವೆ ಗೊತ್ತಾ? 1948ರಲ್ಲಿ ಅಮೆರಿಕದ ಸ್ಕಿನ್ನರ್ ಅನ್ನುವ ಮನೋವಿಜ್ಞಾನಿ ಎಂಟು ಹಸಿದ ಪಾರಿವಾಳಗಳನ್ನು ಬೇರೆ ಬೇರೆ ಗೂಡಿನಲ್ಲಿಟ್ಟರು. ಹಕ್ಕಿ ಏನೇ ಮಾಡಲಿ ಬಿಡಲಿ, ಇಷ್ಟು ಸೆಕೆಂಡಿಗೊಮ್ಮೆ ಕಾಳು ಬರುತ್ತಿತ್ತು. ಸ್ವಲ್ಪ ದಿನದಲ್ಲಿ ಎಂಟರಲ್ಲಿ ಆರು ಹಕ್ಕಿಗಳು ತಮ್ಮದೇ ಒಂದೊಂದು ಆಚಾರ ಹಿಡಿದವು. ಒಂದು ಗೂಡಿನಲ್ಲಿ ಸುತ್ತು ಹಾಕತೊಡಗಿತು. ಇನ್ನೊಂದು ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದ ಹೊತ್ತಿನಲ್ಲಿ ತಾನು ಏನು ಮಾಡುತ್ತಿತ್ತೋ ಅದನ್ನೇ ಮತ್ತೆ ಮತ್ತೆ ಮಾಡಿದ್ದು, ಅಷ್ಟೇ. ಇದನ್ನು ಕ್ಲಾಸಿನಲ್ಲಿ ಹೇಳುವಾಗೆಲ್ಲ ನನಗೆ ಆ ರಾತ್ರಿಯ ಬಚ್ಚಲ ಒಲೆ ನೆನಪಾಗುತ್ತೆ.

ಆದರೆ ಪಾರಿವಾಳಕ್ಕೆ ಇಲ್ಲದ್ದು ಒಂದು ನಮಗಿದೆ. ಪಕ್ಕದಲ್ಲಿ ನಮ್ಮವರು ನರಳುತ್ತಿರುವಾಗ ಕೈ ಕಟ್ಟಿ ಕೂರೋದಕ್ಕೆ ನಮ್ಮಿಂದ ಆಗೋದಿಲ್ಲ. ಕೈಗೆ ಏನಾದರೂ ಕೆಲಸ ಬೇಕು. ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗಾರನನ್ನೇ ನೋಡು. ಅಂಗಳದಲ್ಲಿ ಅಡಿಕೆ ಸುಲಿಯಲು ಕೂತಾಗ ಅವನಿಗೆ ಯಾವ ಶಕುನವೂ ಬೇಡ. ಅದೇ ಮನುಷ್ಯ ಮರ ಹತ್ತುವ ಮೊದಲು ಮರ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಯಾರಾದರೂ ಸೀನಿದರೆ ಒಂದು ಗಳಿಗೆ ನಿಲ್ಲುತ್ತಾನೆ. ಮಳೆಗೆ ಪಾಚಿ ಕಟ್ಟಿದ ಮರ, ಅಷ್ಟೆತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜೀಕಬೇಕು. ಜಾರಿದರೆ ಮುಗಿಯಿತು. ಅವನ ಕೈಯಲ್ಲಿ ಇಲ್ಲದ್ದು ಎಲ್ಲಿ ಶುರುವಾಗುತ್ತೋ ಅಲ್ಲೇ ಶಕುನವೂ ಶುರು. ಮೊದಲ ಮಹಾಯುದ್ಧದ ಕಾಲದಲ್ಲಿ ಮಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞರು ಪೆಸಿಫಿಕ್ಕಿನ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಇದನ್ನೇ ಕಂಡಿದ್ದರು. ಅಪಾಯವಿಲ್ಲದ ಒಳನೀರಿನಲ್ಲಿ ಮೀನು ಹಿಡಿಯಲು ಅಲ್ಲಿನವರು ಮಂತ್ರ ಹಾಕುತ್ತಿರಲಿಲ್ಲ, ತೆರೆದ ಕಡಲಿಗೆ ಇಳಿಯುವಾಗ ಮಾತ್ರ ಹಾಕುತ್ತಿದ್ದರು.

ಇನ್ನೊಂದು ನಿನ್ನ ಕಣ್ಣೆದುರಿಗೇ ಇದೆ. ನಮ್ಮ ತೋಟಕ್ಕೆ ಕೊಳೆ ರೋಗ ಬಂದರೆ ಅಜ್ಜಿ ಯಾವ ದೋಷದ ಮಾತೂ ಎತ್ತೋದಿಲ್ಲ. ಅಡಿಕೆಯ ಕೊಳೆಗೆ ಒಂದು ಬಗೆಯ ಶಿಲೀಂಧ್ರ ಕಾರಣ, ಬೋರ್ಡೋ ದ್ರಾವಣ ಹೊಡೆದರೆ ತಡೆಯಬಹುದು ಅಂತ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಹೇಳಿದ್ದರು. ಈಗ ಅದು ಮನೆಮನೆಯ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅಪ್ಪ ಕಲಸಿದ ಮೇಲೆ ಅಜ್ಜಿಯೇ ಹೋಗಿ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ "ಸುಣ್ಣ ಸಾಲದು ಕಣೋ" ಅಂತಾರೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಮಾಡುವ ಪ್ರಯೋಗ ಅದು. ಹಾಗಾಗಿ ಅಜ್ಜಿಗೆ ಬುದ್ಧಿ ಇಲ್ಲ ಅನ್ನಬೇಡ. ಅಡಿಕೆ ವಿಷಯದಲ್ಲಿ ಅವರ ಕೈಗೆ ಹಿಡಿತ ಸಿಕ್ಕಿದೆ. ತಮ್ಮ ಮೈಯ ವಿಷಯದಲ್ಲಿ ಸಿಕ್ಕಿರಲಿಲ್ಲ. ಸಿಗುವ ಹಾಗೆ ಮಾಡಬೇಕಿದ್ದವಳು ನಾನು.

ಅವತ್ತು ಬಚ್ಚಲಲ್ಲಿ ನಾನು "ಇದು ಹಾವಲ್ಲ, ಆಸ್ಪತ್ರೆಗೆ ಹೋಗೋಣ" ಅಂದಿದ್ದರೆ ಅಜ್ಜಿಗೆ ಅದು "ನಿಮ್ಮ ಹೆದರಿಕೆ ಸುಳ್ಳು" ಅಂತ ಕೇಳಿಸುತ್ತಿತ್ತು ಅಂತ ನನಗೆ ಅನ್ನಿಸಿತು. ಮೂವತ್ತು ವರ್ಷ ಒಂದೇ ಒಲೆ ಮುಂದೆ ಬದುಕಿದವರು ನಾವು. ಅವರ ಮನಸ್ಸು ನೋಯಿಸಬಾರದು ಅಂತ ಮೈ ನೋಯಲು ಬಿಟ್ಟೆ. ಎರಡನ್ನೂ ಮಾಡಬಹುದಿತ್ತು ಅಂತ ಈಗ ಹೊಳೆಯುತ್ತೆ. ಬೆಳಿಗ್ಗೆ ಕಾವಿ, ಮಧ್ಯಾಹ್ನ ಮಾತ್ರೆ. ಕಾವಿ ಹಚ್ಚಿಕೊಂಡು ಬಂದವರನ್ನು ಡಾಕ್ಟರೇನೂ ವಾಪಸ್ ಕಳಿಸುತ್ತಿರಲಿಲ್ಲ.

ಎಲ್ಲ ನಂಬಿಕೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡ ಪುಟ್ಟಿ. ಭೂಮಿ ಹುಣ್ಣಿಮೆಗೆ ಭೂಮಿತಾಯಿಯ ಬಯಕೆ ಅಂತ ಗದ್ದೆಗೆ ಚರಗ ಬೀರುವುದನ್ನು ನಾನು ಮೂಢನಂಬಿಕೆ ಅನ್ನೋದಿಲ್ಲ. ಅದರಿಂದ ಯಾರಿಗೂ ನೋವಾಗೋದಿಲ್ಲ. ಇನ್ನು ಕೆಲವು ನಂಬಿಕೆಗಳು ಬಾಗುತ್ತವೆ. ಹನುಮಂತನ ಅಂಶ ಅಂತ ಸತ್ತ ಮಂಗಕ್ಕೆ ಅರಿಶಿನ ಕುಂಕುಮ ಹಚ್ಚಿ ಮಣ್ಣು ಮಾಡುತ್ತಿದ್ದವರು ನಾವು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತಲ್ಲ, ಅದು ರಕ್ತ ಹೀರುವ ಉಣುಗಿನಿಂದ ಬರುತ್ತೆ, ಸತ್ತ ಮಂಗದ ಹತ್ತಿರ ಹೋದರೆ ಅಪಾಯ ಅಂತ ನರ್ಸಮ್ಮ ಮನೆಮನೆಗೆ ಬಂದು ತಿಳಿಸಿದರು. ಈಗ ಅಜ್ಜಿ ಬೇಲಿಯ ಈಚೆಯಿಂದಲೇ ಕೈಮುಗಿದು, ಆರೋಗ್ಯ ಇಲಾಖೆಗೆ ಫೋನ್ ಮಾಡು ಅಂತಾರೆ.

ಆದರೆ ಒಬ್ಬರ ನಂಬಿಕೆಗೆ ಇನ್ನೊಬ್ಬರು ಬೆಲೆ ತೆರಬೇಕಾದಾಗ ನಾನು ಸುಮ್ನಿರಬಾರದಿತ್ತು. ನೀನು ದೊಡ್ಡವಳಾದಾಗ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮೂರು ರಾತ್ರಿ ಮಲಗಿಸಿದೆ. ಚಾಪೆ ಬೇರೆ, ತಟ್ಟೆ ಬೇರೆ. "ನಾನೇನು ತಪ್ಪು ಮಾಡಿದೆ ಅಮ್ಮ" ಅಂತ ಬಾಗಿಲ ಸಂದಿಯಿಂದ ಕೇಳಿದ್ದೆ. ನಾನು ಅನ್ನ ಇಟ್ಟು ಬಂದೆ, ಉತ್ತರ ಕೊಡಲಿಲ್ಲ. ಮುಟ್ಟಾದವರನ್ನು ಬಲವಂತದಿಂದ ಹೊರಗಿಡೋದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕೋದು, ಇವೆಲ್ಲ ಕರ್ನಾಟಕದ 2017ರ ಮೌಢ್ಯ ತಡೆ ಕಾನೂನಿನಲ್ಲಿ ಅಪರಾಧ. ನನಗೆ ಕಾನೂನು ಬೇಕಾಗಿರಲಿಲ್ಲ. ನಿನ್ನ ಆ ದನಿ ಸಾಕಿತ್ತು. ನಿನ್ನ ತಂಗಿಯನ್ನು ಆ ಕೋಣೆಗೆ ಕಳಿಸಲಿಲ್ಲ. ಅಜ್ಜಿ ಒಂದು ವಾರ ಮಾತು ಬಿಟ್ಟಿದ್ದರು, ಆಮೇಲೆ ಸರಿಯಾದರು. ಆದರೆ ನಿನಗೆ ನಾನು ಇವತ್ತಿನವರೆಗೆ ತಪ್ಪಾಯಿತು ಅಂದಿರಲಿಲ್ಲ. ತಪ್ಪಾಯಿತು ಮಗಳೇ.

ಮೊನ್ನೆ ಕೆಳಗಿನ ಮನೆಯವರಿಗೆ ಹಣೆಯ ಮೇಲೆ, ಕಣ್ಣಿನ ಹತ್ತಿರವೇ ಗುಳ್ಳೆ ಎದ್ದಿತ್ತು. ಜೀಪು ಕೇಳಲು ಬಂದಿದ್ದರು, ಹೊಳೆಯಾಚೆಗೆ ಹೋಗಬೇಕು ಅಂತ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಒಳಗಿಂದ ಕೂಗಿದರು, "ಮೊದಲು ತೀರ್ಥಹಳ್ಳಿಗೆ ಹೋಗಿ ಮಾತ್ರೆ ತಗೊಳ್ಳಿ. ತಡ ಮಾಡಿ ನಾನು ಪಡ್ತಿರೋದು ಸಾಕು. ಕಾವಿ ಬೇಕಿದ್ದರೆ ಬರುವಾಗ ಹಚ್ಚಿಸಿಕೊಳ್ಳಿ." ಅಪ್ಪ ಅವತ್ತೇ ಕರೆದುಕೊಂಡು ಹೋದರು.

ದೀಪಾವಳಿಗೆ ಬರುವಾಗ ಡಾಕ್ಟರು ಬರೆದುಕೊಟ್ಟ ಮುಲಾಮು ಎರಡು ಟ್ಯೂಬ್ ತಗೊಂಡು ಬಾ, ಇಲ್ಲಿ ಸಿಗುತ್ತಿಲ್ಲ. ಚೀಟಿಯ ಫೋಟೋ ಕಳಿಸುತ್ತೇನೆ. ಮೆಣಸಿನಕಾಯಿಯ ಖಾರದಿಂದಲೇ ಮಾಡಿದ ಮುಲಾಮು ಅದು, ಹಚ್ಚಿದಾಗ ಮೊದಲು ಉರಿಯುತ್ತೆ, ಆಮೇಲೆ ನರದ ನೋವು ತಗ್ಗುತ್ತೆ ಅಂತ ಅಜ್ಜಿಗೆ ಹೇಳಿದೆ. "ಮೆಣಸಿನಲ್ಲಿ ಏನೋ ಇದೆ ಅಂತ ನಾನು ಅವತ್ತೇ ಹೇಳಿರಲಿಲ್ವಾ?" ಅಂದರು. ನೀನೇ ಬಂದು ಹಚ್ಚಬೇಕಂತೆ. ನನ್ನ ಕೈ ಒರಟು, ನಿನ್ನ ಕೈ ಮೆತ್ತಗಂತೆ.

ನಿನ್ನ
ಅಮ್ಮ