ಹಾಡಿ ಬರೆಸಿದ ಕಾಕಾಗೆ, ಮತ್ತೆ ನಿಮಗೆಲ್ಲ

ಪುಸ್ತಕ ಬಂತು. ಮೊನ್ನೆ ಭಾನುವಾರ ಲಿಂಗಸುಗೂರಿನಲ್ಲಿ ಬಿಡುಗಡೆಯೂ ಆಯಿತು. ಮೊಹರಂ ಪದ, ತತ್ವಪದಗಳನ್ನು ಕೂಡಿಸಿದ ಈ ಕೆಲಸದ ಕತೆ ನಿಮಗೆ ಗೊತ್ತೇ ಇದೆ. ದುಡ್ಡು ಎಲ್ಲಿಂದ ಬಂತು, ಯಾರು ಮಾತು ಕೊಟ್ಟು ಕೈಬಿಟ್ಟರು, ಅದನ್ನೆಲ್ಲ ಮತ್ತೆ ತೆಗೆಯೋದು ಬೇಡ.

ಮುಂಗಡ ಕೊಟ್ಟ ಗೆಳೆಯರಿಗೆ, ಬಿಸಿಲಲ್ಲಿ ಬೈಕ್ ಮೇಲೆ ಹಳ್ಳಿ ಹಳ್ಳಿ ತಿರುಗಿಸಿದ ಅಣ್ಣಂದಿರಿಗೆ, ಶಾಮಿಯಾನ ಹಾಕಿದವರಿಗೆ, ಮಂಡಕ್ಕಿ ಒಗ್ಗರಣೆ ಮಿರ್ಚಿ ಮಾಡಿಕೊಟ್ಟ ಅಕ್ಕಂದಿರಿಗೆ, ಅಂದು ಕುರ್ಚಿ ಸಾಲದೆ ನಿಂತೇ ಕೇಳಿದವರಿಗೆ ಶರಣು. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ನಾವೆಲ್ಲ ಅವರನ್ನು ಕಾಕಾ ಅಂತೀವಿ. ಮುದಗಲ್ ಕಡೆಯವರು. ಹೆಸರು ಹಾಕಬೇಡ ಅಂದಿದ್ದಾರೆ: ‘ಪದ ನಂದಲ್ಲವ್ವಾ, ಕಲಿಸಿದವರದು.’ ಶಾಲೆ ಕಟ್ಟೆ ಹತ್ತಿದವರಲ್ಲ. ಪೀರಲ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುತ್ತಾ ಬೆಳಗಿನವರೆಗೂ ಹಾಡುತ್ತಾರೆ. ಅದೇ ಗಂಟಲಲ್ಲಿ ಅಮವಾಸ್ಯೆ ಭಜನೆಗೆ ತತ್ವಪದವೂ ಆಗುತ್ತದೆ. ಎರಡಕ್ಕೂ ಒಂದೇ ತಾಳ ಬಾರಿಸುತ್ತಾರೆ, ಅದರಲ್ಲಿ ಅವರಿಗೆ ವಿಶೇಷ ಏನೂ ಕಾಣುವುದಿಲ್ಲ.

ಪ್ರೆಸ್ಸಿಗೆ ಫೈಲ್ ಕಳಿಸುವ ಹಿಂದಿನ ರಾತ್ರಿ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಧ ಪುಸ್ತಕ ಕೆಟ್ಟು ಕೂತಿತ್ತು. ಒತ್ತಕ್ಷರ ದಿಕ್ಕಾಪಾಲು. ‘ಕರ್ಬಲಾ’ ಇದ್ದಲ್ಲೆಲ್ಲ ‘ಕಬ೯ಲಾ’. ಅರ್ಕಾವೊತ್ತಿನ ಜಾಗದಲ್ಲಿ ಒಂಬತ್ತು ಕೂತಿದೆ! ಕೆಲವು ಸಾಲುಗಳಂತೂ ಕನ್ನಡವೋ ಅಲ್ಲವೋ ತಿಳಿಯುತ್ತಿರಲಿಲ್ಲ. ಸರಿಪಡಿಸಲು ಮೂಲ ಬೇಕು. ಮೂಲ ಇದ್ದಿದ್ದು ಅವ್ವನ ನೋಟ್‌ಬುಕ್‌ನಲ್ಲಿ. ಅವ್ವ ಹೋದ ಮೇಲೆ ಅದನ್ನು ತೆರೆಯಲು ನನ್ನಿಂದ ಆಗಿರಲಿಲ್ಲ. ಅವಳ ದುಂಡು ಅಕ್ಷರ, ಅಂಚಿನಲ್ಲಿ ಹಾಲಿನ ಲೆಕ್ಕ, ನೋಡೋಕಾಗಲ್ಲ ಅನ್ನಿಸುತ್ತಿತ್ತು.

ಫೋನ್ ಮಾಡಿದ್ದಕ್ಕೆ ಕಾಕಾ ಕೊನೇ ಬಸ್ಸಿಗೆ ಬಂದರು. ನೋಟ್‌ಬುಕ್ ಕಡೆ ನೋಡಿದರು, ನನ್ನ ಕಡೆ ನೋಡಿದರು. ‘ಅದು ಇರಲಿ ಬಿಡು. ನಾ ಹಾಡ್ತೀನಿ, ನೀ ಬರಕೋ’ ಅಂದರು. ಕಂಪ್ಯೂಟರ್ ಪಕ್ಕ ನೆಲದ ಮೇಲೆ ಕೂತು ಶುರು ಮಾಡಿದರು. ನಾನು ಹಿಂದೆ ಬಿದ್ದರೆ ತೊಡೆ ತಟ್ಟುತ್ತಾ ಅದೇ ನುಡಿಯನ್ನು ಮತ್ತೆ ಹಿಡಿಯುತ್ತಿದ್ದರು. ಬರೀ ಹೇಳು ಅಂದರೆ ಅವರಿಗೆ ಸಾಲು ನೆನಪಾಗಲ್ಲ, ಹಾಡಿದರೇ ಬರುತ್ತದೆ. ಕರೆಂಟ್ ಹೋಯಿತು, ಬಂತು. ಚಹಾ ಮುಗಿಯಿತು.

ರಣಕ್ಕೆ ಹೊರಟ ಮಗನನ್ನು ತಾಯಿ ಬೀಳ್ಕೊಡುವ ಪದ ಬಂದಾಗ ಒಂದು ಕಡೆ ನಿಂತರು. ‘ಈ ನುಡಿ ನಿಮ್ಮವ್ವ ಬ್ಯಾರೆ ಹೇಳ್ತಿದ್ಲು.’

ಹೇಗೆ ಅಂತ ಕೇಳಿದೆ. ಗೊತ್ತಿಲ್ಲ ಅಂದರು. ಗೊತ್ತಿತ್ತು ಅಂತ ಈಗಲೂ ನನಗೆ ಅನುಮಾನ. ಆಮೇಲೆ ನಾನು ನೋಟ್‌ಬುಕ್ ತೆಗೆದೆ. ಬಹಳ ಹೊತ್ತು ಅತ್ತೆ. ಇದಕ್ಕಿಂತ ಜಾಸ್ತಿ ಬರೆಯಲು ಆಗುತ್ತಿಲ್ಲ. ಕಾಕಾ ಸಮಾಧಾನದ ಮಾತು ಒಂದೂ ಆಡಲಿಲ್ಲ. ಸುಮ್ನೆ ಕೂತಿದ್ದರು, ಅತ್ತು ಮುಗಿದ ಮೇಲೆ ಮುಂದಿನ ನುಡಿ ಹಿಡಿದರು. ಬೆಳಿಗ್ಗೆ ಫೈಲ್ ಹೋಯಿತು.

ಇಂಥ ಜನ ನನಗೆ ಸಿಕ್ಕಿದ್ದು ತಿಂಗಳಿಗೊಮ್ಮೆ ಸೇರುವ ನಮ್ಮ ಸಾಹಿತ್ಯ ಕೂಟದಿಂದ. ಕಂಡಕ್ಟರ್ ಅಣ್ಣ, ಆಶಾ ಕಾರ್ಯಕರ್ತೆ ಅಕ್ಕ, ಗೊಬ್ಬರದಂಗಡಿಯ ಮಾವ, ಒಂದಿಬ್ಬರು ಮಾಸ್ತರರು. ಹೊರಗೆ ಹೋಗಿ ರಾಯಚೂರು ಜಿಲ್ಲೆ ಅಂದರೆ ಬಿಸಿಲು, ಶಾಖೋತ್ಪನ್ನ ಕೇಂದ್ರ, ಹಿಂದುಳಿದ ಭಾಗ, ಇಷ್ಟೇ ಕೇಳಿಸುವುದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಮಾನ್ವಿಯವರು ಅಂದರೆ ‘ಹೌದಾ?’ ಅಂತಾರೆ. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವೇ ದೊಡ್ಡದು. ಆ ಕಾಲದಲ್ಲೇ, 1934ರಲ್ಲಿ, ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ಆಯಿತು, ಪಂಜೆ ಮಂಗೇಶರಾಯರು ಅಧ್ಯಕ್ಷರು. ಆಗ ಒಂದು ಕನ್ನಡ ಸಭೆಗೆ ಬಂದು ಕೂರುವುದೇ ಊರಿನ ಕೆಲಸ ಆಗಿತ್ತು. ನಮ್ಮ ಕೂಟಕ್ಕೂ ಆ ಚಾಳಿ ಬಂದಿದೆ. ಸಂಜೆ ಹೊತ್ತು ವಾಚನಾಲಯ ತೆರೆದಿಡಿ ಅಂತ ಅರ್ಜಿ ಕೊಟ್ಟವರು ಇವರೇ. (ಕವಿಗಳು ಬರೆದ ಅರ್ಜಿ ಅಂತ ನೋಡಿದರೇ ಗೊತ್ತಾಗುತ್ತಿತ್ತು, ಪೀಠಿಕೆಯೇ ಒಂದು ಪುಟ.) ಕಾಲುವೆ ಕೊನೆಯ ಹೊಲಕ್ಕೆ ನೀರು ಬರದಾಗ ರೈತರ ಜೊತೆ ಹೋಗಿ ಕೂತವರೂ ಇವರೇ. ಪದದ ಒಂದು ಅಕ್ಷರಕ್ಕೆ ತಾಸುಗಟ್ಟಲೆ ಜಗಳ ಆಡಿ ರೂಢಿಯಾದವರು ಕಚೇರಿಯಲ್ಲಿ ‘ನಾಳೆ ಬಾ’ ಅಂದರೆ ಎದ್ದು ಬರಲ್ಲ.

ಇನ್ನು ಲೆಕ್ಕ. ಜಾಸ್ತಿ ಆಯ್ದು ತಂದ ಅಕ್ಕಿಯನ್ನು ವಾಪಸ್ ಸುರಿದು ಬಾ ಅಂತ ಗಂಡನನ್ನು ಕಳಿಸಿದ ಶರಣೆ ಆಯ್ದಕ್ಕಿ ಲಕ್ಕಮ್ಮ ನಮ್ಮ ತಾಲೂಕಿನ ಅಮರೇಶ್ವರದವಳು. ಆ ಊರ ಪಕ್ಕದಲ್ಲಿದ್ದು ಉಳಿದ ದುಡ್ಡು ಇಟ್ಟುಕೊಳ್ಳೋದು ಹೇಗೆ? ಮುಂಗಡ ಕೊಟ್ಟವರಿಗೆ ಪುಸ್ತಕ ತಲುಪಿಸಿ, ಉಳಿದಿದ್ದನ್ನು ಪದ ಹೇಳಿದವರಿಗೆ ಹಂಚುತ್ತೇವೆ. ಲೆಕ್ಕದ ಚೀಟಿ ವಾಚನಾಲಯದ ಬೋರ್ಡಿಗೆ ಹಚ್ಚಿರುತ್ತೇವೆ, ನೋಡಿ.

ಆ ತಾಯಿಯ ನುಡಿಯನ್ನು ಅವ್ವನ ಪಾಠ, ಕಾಕಾನ ಪಾಠ ಎರಡನ್ನೂ ಹಾಕಿ ಅಚ್ಚು ಮಾಡಿದ್ದೇವೆ. ಬಿಡುಗಡೆಯ ದಿನ ಯಾರೋ ಓದಿ ಹೇಳಿದಾಗ ಕಾಕಾ ವೇದಿಕೆ ಮೇಲೇ ತಲೆ ಅಲ್ಲಾಡಿಸಿದರು. ಅವ್ವನದೇ ಸರಿಯಂತೆ, ತಮ್ಮದನ್ನು ತೆಗೆದುಬಿಡಬೇಕಂತೆ. ಅವರ ಓಣಿಯವರು ಒಪ್ಪುತ್ತಿಲ್ಲ. ಮುಂದಿನ ಕೂಟದಲ್ಲಿ ಅದೇ ಪಂಚಾಯಿತಿ, ಬನ್ನಿ.