ಕುಸ್ವಾರ್ ರೆಸಿಪಿ ನವೆಂಬರ್‌ನಲ್ಲೇ ಬರಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್‌ಗೆ ಇನ್ನೇನು ಎರಡು ಮೂರು ದಿನ ಇದೆ ಎನ್ನುವಾಗ ಪತ್ರಿಕೆಗಳ ಪುರವಣಿಯಲ್ಲಿ ಪ್ಲಮ್ ಕೇಕ್, ರೋಸ್ ಕುಕ್ಕಿ, ಕಲ್‌ಕಲ್ ಮುಂತಾದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ರೆಸಿಪಿಗಳು ಬರುತ್ತವೆ. ಚಿತ್ರ ಚೆನ್ನಾಗಿರುತ್ತದೆ, ಬರಹವೂ ಚೆನ್ನಾಗಿರುತ್ತದೆ. ಮಾಡಲು ಮಾತ್ರ ಹೊತ್ತು ಮೀರಿರುತ್ತದೆ. ಕೇಕಿನ ಹಣ್ಣು ನೆನೆಯಲು ವಾರಗಳು ಬೇಕು. ಕರಿದ ತಿಂಡಿ ಏಳೆಂಟು ಬಗೆ ಇದ್ದರೆ ಅದು ಒಂದು ರಾತ್ರಿಯ ಕೆಲಸವಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ರೆಸಿಪಿ ಕತ್ತರಿಸಿಟ್ಟು, ಬೇಕರಿಗೆ ಹೋಗಿ ಕುಸ್ವಾರ್ ಪ್ಯಾಕೆಟ್ ತರುತ್ತಾರೆ. ತರುವುದು ತಪ್ಪೇನಲ್ಲ. ಆದರೆ ಸಮಯವೇ ಇಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. ಸಮಯ ಇರುತ್ತದೆ, ಅದು ಡಿಸೆಂಬರ್ 20ರ ಮೊದಲು ಇರುತ್ತದೆ.

ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ (ಅಡ್ವೆಂಟ್) ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಲ್ಲಿಂದ ಹಬ್ಬಕ್ಕೆ ನಾಲ್ಕು ಭಾನುವಾರ. ರೆಸಿಪಿಗಳನ್ನು ಆ ಮೊದಲ ಭಾನುವಾರಕ್ಕೆ ಮುಂಚೆ ಪ್ರಕಟಿಸಿ, ಯಾವುದನ್ನು ಯಾವ ವಾರ ಮಾಡಬೇಕು ಎಂದೂ ತಿಳಿಸಿ ಎಂಬುದು ನಮ್ಮ ಕೋರಿಕೆ. ಜೊತೆಗೆ ಅಳತೆಯನ್ನು ಗ್ರಾಂನಲ್ಲಿ ಕೊಡಿ. ‘ಒಂದು ಕಪ್ ಮೈದಾ’ ಎಂದರೆ ಅಳತೆಯ ಕಪ್ಪಿನಲ್ಲಿ ಸುಮಾರು 125 ಗ್ರಾಂ. ಮನೆಯ ಲೋಟದಲ್ಲಿ ಒತ್ತಿ ತುಂಬಿದರೆ ಅದು ಎಷ್ಟಾದರೂ ಆಗಬಹುದು. ಚಪಾತಿಗೆ ಅದು ನಡೆಯುತ್ತದೆ, ಕೇಕಿಗೆ ನಡೆಯುವುದಿಲ್ಲ.

ಮಂಗಳೂರು ಕಡೆಯ ಮನೆಗಳ ಲೆಕ್ಕದಲ್ಲಿ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ನವೆಂಬರ್ ಮುಗಿಯುವುದರೊಳಗೆ ಆಗಬೇಕಾದ್ದು ಹಣ್ಣು ನೆನೆಹಾಕುವ ಕೆಲಸ ಒಂದೇ. ಕಪ್ಪು ದ್ರಾಕ್ಷಿ, ಹಳದಿ ದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆಯ ಮುರಬ್ಬ, ಎಲ್ಲ ಸೇರಿ ಒಂದು ಕಿಲೋಗೆ 250ರಿಂದ 300 ಮಿಲಿ ರಮ್ ಸಾಕು. ದ್ರಾಕ್ಷಿಯನ್ನು ತೊಳೆದರೆ ಬಟ್ಟೆಯ ಮೇಲೆ ಹರಡಿ ಒಂದು ದಿನ ಪೂರ್ತಿ ಒಣಗಿಸಬೇಕು. ಹಸಿ ಉಳಿದರೆ ಬೂಸ್ಟು ಬರುವುದು ಅಲ್ಲಿಂದಲೇ. ಗೋಡಂಬಿ, ಬಾದಾಮಿ ನೆನೆಸಬೇಡಿ, ಮೆತ್ತಗಾಗುತ್ತವೆ. ಬೇಯಿಸುವ ದಿನ ಸೇರಿಸಿದರಾಯಿತು. ಗಾಜಿನ ಭರಣಿ, ಒಣಗಿದ ಚಮಚ, ಮೂರು ನಾಲ್ಕು ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡುವುದು, ಇಷ್ಟೇ. ಮದ್ಯ ಬಳಸದ ಮನೆಗಳಲ್ಲಿ ಅರ್ಧ ಕಿಲೋ ಹಣ್ಣನ್ನು 250 ಮಿಲಿ ಕಿತ್ತಳೆ ರಸದಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿ, ತಣಿದ ಮೇಲೆ ಫ್ರಿಜ್ಜಿನಲ್ಲಿ ಇಡಬಹುದು. ಅದು ಎರಡು ದಿನಕ್ಕಿಂತ ಹೆಚ್ಚು ಇಡುವಂಥದ್ದಲ್ಲ. ಆ ಕೇಕನ್ನು 20ನೇ ತಾರೀಖಿನ ನಂತರವೇ ಮಾಡಬೇಕು.

ರಮ್ ಹಣ್ಣಿನ ಕೇಕನ್ನು ಡಿಸೆಂಬರ್ ಎರಡನೇ ವಾರದಲ್ಲಿ ಮಾಡಿಟ್ಟರೆ ಹಬ್ಬದ ಹೊತ್ತಿಗೆ ರುಚಿ ಕೂಡುತ್ತದೆ. 250 ಗ್ರಾಂ ಬೆಣ್ಣೆ, 250 ಗ್ರಾಂ ಸಕ್ಕರೆ, 250 ಗ್ರಾಂ ಮೈದಾ, ಐದು ಮೊಟ್ಟೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, 400 ಗ್ರಾಂ ನೆನೆದ ಹಣ್ಣು, ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಸೇರಿ ಒಂದು ಟೀ ಚಮಚ ಪುಡಿ. ಬಣ್ಣಕ್ಕೆ ಪ್ರತ್ಯೇಕ 100 ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ ಕಡುಗೆಂಪು ಬಂದೊಡನೆ ಉರಿ ಆರಿಸಿ, 75 ಮಿಲಿ ಕುದಿನೀರು ಹಾಕಬೇಕು. ತಣ್ಣೀರು ಹಾಕಿದರೆ ಸಿಡಿದು ಮುಖಕ್ಕೆ ಬರುತ್ತದೆ, ಸಕ್ಕರೆಯೂ ಕಲ್ಲಾಗುತ್ತದೆ. ಕಪ್ಪಾದರೆ ಕಹಿ, ಚೆಲ್ಲಿ ಇನ್ನೊಮ್ಮೆ ಮಾಡುವುದೇ ಮೇಲು, 100 ಗ್ರಾಂ ಸಕ್ಕರೆಗಾಗಿ ಇಡೀ ಕೇಕ್ ಕೆಡಿಸಬೇಡಿ. ಮಾಡಿದ ಪಾಕ ಪೂರ್ತಿ ತಣಿದ ಮೇಲೆಯೇ ಹಿಟ್ಟಿಗೆ ಹೋಗಬೇಕು.

ಬೆಣ್ಣೆಗೆ ಮೊಟ್ಟೆ ಸೇರಿಸುವಾಗ ಒಡೆದಂತಾಗುವುದು ಮೊಟ್ಟೆ ಫ್ರಿಜ್ಜಿನಿಂದ ನೇರ ಬಂದಾಗ. ಎರಡು ಗಂಟೆ ಮೊದಲೇ ಹೊರಗಿಡಿ, ಒಂದೊಂದಾಗಿ ಹಾಕಿ. ಒಡೆದೇಬಿಟ್ಟರೆ ಅದೇ ಮೈದಾದಿಂದ ಒಂದು ಚಮಚ ಸೇರಿಸಿ ಕಲಸಿದರೆ ಸರಿಹೋಗುತ್ತದೆ. ಹಣ್ಣು ತಳಕ್ಕೆ ಇಳಿದರೆ ಬಹಳ ಮಂದಿ ಮೈದಾದಲ್ಲಿ ಹೊರಳಿಸಲಿಲ್ಲ ಎಂದುಕೊಳ್ಳುತ್ತಾರೆ. ಹೊರಳಿಸುವುದು ಒಳ್ಳೆಯದೇ, ಆದರೆ ಮುಖ್ಯ ಕಾರಣ ಹಿಟ್ಟು ನೀರಾಗಿರುವುದು ಅಥವಾ ಬೇಕಿಂಗ್ ಪೌಡರ್ ಹೆಚ್ಚಾಗಿರುವುದು. ಭರಣಿಯಲ್ಲಿ ಉಳಿದ ರಮ್ಮನ್ನು ಬಸಿದು ತೆಗೆಯದೆ ಸುರಿದರೂ ಹೀಗಾಗುತ್ತದೆ. ಒಂಬತ್ತು ಇಂಚಿನ ಟಿನ್ನಿಗೆ ಎರಡು ಪದರ ಕಾಗದ ಹಾಸಿ, 150ರಿಂದ 160 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ. ಮೇಲ್ಭಾಗ ಗುಡ್ಡೆಯಾಗಿ ಬಿರುಕು ಬಿಟ್ಟರೆ ಕಾವು ಹೆಚ್ಚಾಯಿತು ಎಂದೇ ಅರ್ಥ. ಟಿನ್ನಿನಲ್ಲೇ ಪೂರ್ತಿ ತಣಿಸಿ, ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ, ನಾಲ್ಕೈದು ದಿನಕ್ಕೊಮ್ಮೆ ಒಂದು ದೊಡ್ಡ ಚಮಚ ರಮ್ ಸವರಿದರೆ ಸಾಕು.

ಇನ್ನು ಕರಿಯುವ ತಿಂಡಿಗಳು. ಎಲ್ಲರೂ ಸೋಲುವುದು ಇಲ್ಲಿಯೇ, ಏಕೆಂದರೆ ಎಲ್ಲವನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಯಾವುದು ಹೆಚ್ಚು ದಿನ ಉಳಿಯುತ್ತದೋ ಅದು ಮೊದಲು: ತುಕ್ಡಿ (ಮೈದಾದ ಕರಿದ ತುಂಡುಗಳು), ಚಕ್ಕುಲಿ, ಕಿಡ್ಯೊ (ಕಲ್‌ಕಲ್) ಎರಡನೇ ವಾರದಲ್ಲಿ. ಕೊಕ್ಕಿಸಾಂ (ರೋಸ್ ಕುಕ್ಕಿ) ಮೂರನೇ ವಾರದ ಕೊನೆಗೆ. ಕೊಬ್ಬರಿ ತುಂಬಿದ ನೆವ್ರಿ 20ರ ಆಸುಪಾಸಿಗೆ, ಮುಂಚೆ ಮಾಡಿದರೆ ಹಬ್ಬದ ದಿನ ಕಮಟು ವಾಸನೆ ಬರಬಹುದು.

ಕಿಡ್ಯೊ ಮನೆಮಂದಿಯೆಲ್ಲ ಕೂತು ಮಾಡುವ ತಿಂಡಿ. ಅರ್ಧ ಕಿಲೋ ಮೈದಾ, 50 ಗ್ರಾಂ ಚಿರೋಟಿ ರವೆ, ಎರಡು ದೊಡ್ಡ ಚಮಚ ಸಕ್ಕರೆ ಪುಡಿ, ಅರ್ಧ ಟೀ ಚಮಚ ಉಪ್ಪು. ಇದಕ್ಕೆ ಎರಡು ದೊಡ್ಡ ಚಮಚ ಬಿಸಿ ತುಪ್ಪ ಹಾಕಿ ಬೆರಳಲ್ಲಿ ಚೆನ್ನಾಗಿ ಉಜ್ಜಬೇಕು. ಹಿಡಿ ಕಟ್ಟಿದರೆ ನಿಲ್ಲಬೇಕು, ಒತ್ತಿದರೆ ಪುಡಿಯಾಗಬೇಕು. ಆಮೇಲೆ ದಪ್ಪ ತೆಂಗಿನಹಾಲು, ಸುಮಾರು 200 ಮಿಲಿ, ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ. ಪೂರಿ ಹಿಟ್ಟಿನಷ್ಟು ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಅಡಿಕೆಗಿಂತ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಹೆಬ್ಬೆರಳಿಂದ ಒತ್ತಿ ಎಳೆದು ಸುರುಳಿ ಸುತ್ತಬೇಕು. ಬಾಚಣಿಗೆ ಈ ಕೆಲಸಕ್ಕೇ ಮೀಸಲಿರಲಿ. ಇಲ್ಲದಿದ್ದರೆ ಫೋರ್ಕಿನ ಬೆನ್ನು ನಡೆಯುತ್ತದೆ. ತುದಿಯನ್ನು ಒತ್ತಿ ಅಂಟಿಸದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಹಿಟ್ಟು ಒಣಗಿದರೂ ಬಿಚ್ಚಿಕೊಳ್ಳುತ್ತದೆ, ಆದ್ದರಿಂದ ಉಂಡೆ ಮಾಡಿದ ಹಿಟ್ಟನ್ನೂ ಮುಚ್ಚಿಯೇ ಇಡಬೇಕು.

ಒಬ್ಬರೇ ಕೂತರೆ ಇದಕ್ಕೆ ಇಡೀ ಸಂಜೆ ಹಿಡಿಯುತ್ತದೆ. ಮಕ್ಕಳು, ಅಜ್ಜಿ, ಅಪ್ಪ ಎಲ್ಲರೂ ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಮಕ್ಕಳಿಗೆ ಶಾಲಾ ವಾರ್ಷಿಕೋತ್ಸವ, ಕ್ಯಾರಲ್ ಅಭ್ಯಾಸ ಎಲ್ಲ ಇರುತ್ತದೆ ನಿಜ. ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು, ಅಂದರೆ ಮುಖ್ಯಸ್ಥರು, ಕ್ಯಾರಲ್ ತಂಡ ನಿಮ್ಮ ವಾಳೆಗೆ ಬರುವ ದಿನ ಹೇಳಿದ ಕೂಡಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಉಳಿದ ಒಂದು ಶನಿವಾರ ಸಂಜೆಯನ್ನು ಕಿಡ್ಯೊಗೆ ಇಟ್ಟುಕೊಳ್ಳಿ. ಸುರುಳಿ ಸುತ್ತುವುದು ಮಕ್ಕಳ ಕೆಲಸ, ಕರಿಯುವುದು ದೊಡ್ಡವರ ಕೆಲಸ. ಕರಿಯುವ ಕೆಲಸ ಮನೆಯ ಹೆಂಗಸೊಬ್ಬಳ ಮೇಲೇ ಬೀಳುವುದು ಸರಿಯಲ್ಲ. ಒಲೆಯ ಮುಂದೆ ಮೂರು ಗಂಟೆ ನಿಲ್ಲಬಲ್ಲ ಗಂಡಸರು ಪ್ರತಿ ಮನೆಯಲ್ಲೂ ಇದ್ದಾರೆ.

ಕರಿಯುವ ಉರಿ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ. ಉರಿ ಜಾಸ್ತಿಯಾದರೆ ಹೊರಗೆ ಬಣ್ಣ ಬರುತ್ತದೆ, ಒಳಗೆ ಹಸಿಯಿರುತ್ತದೆ. ಅಂಥ ಕಿಡ್ಯೊ ಮಾರನೇ ದಿನವೇ ಮೆತ್ತಗಾಗುತ್ತದೆ. ಎಣ್ಣೆಯ ನೊರೆ ಇಳಿದು ಸದ್ದು ಅಡಗುವವರೆಗೆ ಕಾಯಬೇಕು. ಸಕ್ಕರೆ ಲೇಪಕ್ಕೆ 200 ಗ್ರಾಂ ಸಕ್ಕರೆಗೆ 75 ಮಿಲಿ ನೀರು, ಎರಡೆಳೆ ಪಾಕ. ಒಂದೆಳೆಗೇ ನಿಲ್ಲಿಸಿದರೆ ಅಂಟಂಟಾಗಿ ಉಂಡೆ ಕಟ್ಟುತ್ತದೆ. ಉರಿ ಆರಿಸಿ, ಕಿಡ್ಯೊ ಸುರಿದು, ಸಕ್ಕರೆ ಬಿಳಿಯಾಗಿ ಒಣಗುವ ತನಕ ಕೈ ಬಿಡದೆ ಮಗುಚುತ್ತಿರಿ.

ಕೊಕ್ಕಿಸಾಂಗೆ 200 ಗ್ರಾಂ ಮೈದಾ, 50 ಗ್ರಾಂ ಅಕ್ಕಿಹಿಟ್ಟು, ಒಂದು ಮೊಟ್ಟೆ, 80 ಗ್ರಾಂ ಸಕ್ಕರೆ ಪುಡಿ, ಸುಮಾರು 300 ಮಿಲಿ ತೆಂಗಿನಹಾಲು, ಒಂದು ಟೀ ಚಮಚ ಎಳ್ಳು. ಹಿಟ್ಟು ನೀರುದೋಸೆಗಿಂತ ಚೂರು ದಪ್ಪ. ತೊಂದರೆಯೆಲ್ಲ ಅಚ್ಚಿನದು. ಹೊಸ ಅಚ್ಚನ್ನು ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಬೇಕು, ಆದರೂ ಮೊದಲ ನಾಲ್ಕೈದು ಹೂವು ಬಿಡಿಸಿಕೊಳ್ಳದೆ ಕಾಡುತ್ತವೆ. ಪ್ರತಿ ಸಲವೂ ಅಚ್ಚನ್ನು ಕಾದ ಎಣ್ಣೆಯಲ್ಲಿ ಇಟ್ಟು, ಎಣ್ಣೆ ಕೊಡವಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಿ. ಅಂಚು ದಾಟಿ ಮೇಲಕ್ಕೆ ಹಿಟ್ಟು ಹತ್ತಿದರೆ ಅದು ಅಚ್ಚನ್ನು ಕವಚಿ ಹಿಡಿದುಬಿಡುತ್ತದೆ. ಹಿಟ್ಟು ಅಚ್ಚಿಗೆ ಅಂಟುವುದೇ ಇಲ್ಲವೆಂದರೆ ಅಚ್ಚು ಕಾದಿಲ್ಲ, ಇಲ್ಲವೇ ಅತಿಯಾಗಿ ಕಾದಿದೆ. ಚುಯ್ಯೆಂದು ಜಾರಿ ಹಿಟ್ಟಿನ ಪಾತ್ರೆಗೇ ಬಿದ್ದರೆ ಎರಡನೆಯದು. ಸಕ್ಕರೆ ಹೆಚ್ಚಾದರೆ ಬೇಗ ಕೆಂಪಾಗಿ ಗರಿಗರಿ ನಿಲ್ಲುವುದಿಲ್ಲ.

ನೆವ್ರಿ ಬಯಲುಸೀಮೆಯ ಕರ್ಜಿಕಾಯಿಯ ಹತ್ತಿರದ ನೆಂಟ, ಹೆಚ್ಚು ಹೇಳಬೇಕಿಲ್ಲ. ಎಳ್ಳು, ಕೊಬ್ಬರಿ ಬೇರೆ ಬೇರೆಯಾಗಿ ಹುರಿದು, ತಣಿದ ನಂತರವೇ ಸಕ್ಕರೆ ಪುಡಿ ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಹೂರಣ ಒದ್ದೆಯಾಗುತ್ತದೆ. ಅಂಚಿನಲ್ಲಿ ಒಂದು ಎಳ್ಳು ಸಿಕ್ಕಿಕೊಂಡರೂ ಬಾಯಿ ಬಿಡುತ್ತದೆ, ಒಂದು ಬಾಯಿಬಿಟ್ಟರೆ ಬಾಣಲೆಯ ಎಣ್ಣೆಯೆಲ್ಲ ಕರಕಲು. ಗುಳಿಯೊ (ಅಕ್ಕಿಹಿಟ್ಟಿನ ಕರಿದ ಚಿಕ್ಕ ಉಂಡೆ) ಮಾಡುವವರಿಗೆ ಒಂದು ಎಚ್ಚರಿಕೆ: ಅಕ್ಕಿಹಿಟ್ಟನ್ನು ಜರಡಿ ಹಿಡಿಯಲೇಬೇಕು, ಉಂಡೆಯನ್ನು ಅತಿ ಬಿಗಿಯಾಗಿ ನುಣುಪು ಮಾಡಬಾರದು. ಒಳಗೆ ಸಿಕ್ಕ ಹಬೆಗೆ ದಾರಿ ಸಿಗದಿದ್ದರೆ ಉಂಡೆ ಎಣ್ಣೆಯಲ್ಲೇ ಸಿಡಿಯುತ್ತದೆ. ಆಗ ಮಕ್ಕಳು ಅಡುಗೆಮನೆಯಲ್ಲಿ ಇರಕೂಡದು.

ರೆಸಿಪಿಗಳಲ್ಲಿ ಕಾಣದ ಇನ್ನೊಂದು ವಿಷಯ ಎಣ್ಣೆಯದು. ಕುಸ್ವಾರ್ ತಟ್ಟೆ ಅಕ್ಕಪಕ್ಕದ ಮನೆಗಳಿಗೂ ಹೋಗುತ್ತದೆ, ಆ ಮನೆಗಳಲ್ಲಿ ಮೊಟ್ಟೆ ತಿನ್ನದವರು ಇರುತ್ತಾರೆ. ಕೇಕಿನಲ್ಲಿ, ಕೊಕ್ಕಿಸಾಂನಲ್ಲಿ ಮೊಟ್ಟೆ ಇದೆ. ಮೇಲೆ ಹೇಳಿದ ಕಿಡ್ಯೊದಲ್ಲಿ ಇಲ್ಲ, ನೆವ್ರಿ, ಚಕ್ಕುಲಿಗಳಲ್ಲೂ ಬೇಕಿಲ್ಲ. ಆದರೆ ಕೊಕ್ಕಿಸಾಂ ಕರಿದ ಎಣ್ಣೆಯಲ್ಲಿ ನೆವ್ರಿ ಕರಿದರೆ ಅದನ್ನು ಅವರಿಗೆ ಕೊಡುವಂತಿಲ್ಲ. ಚಕ್ಕುಲಿ, ಕಿಡ್ಯೊ ಕರಿದ ಎಣ್ಣೆಯನ್ನು ಸೋಸಿಟ್ಟು ಕೊಕ್ಕಿಸಾಂಗೆ ಬಳಸಿ, ನೆವ್ರಿಗೆ ಚಿಕ್ಕ ಬಾಣಲೆಯಲ್ಲಿ ಹೊಸ ಎಣ್ಣೆ ಇಡಿ. ತಟ್ಟೆ ಕೊಡುವಾಗ ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ರಮ್ ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಕೇಳಲು ಅವರಿಗೆ ಸಂಕೋಚ ಇರುತ್ತದೆ.

ಗ್ಯಾಸ್ ಸಿಲಿಂಡರನ್ನು ತಿಂಗಳ ಮೊದಲ ವಾರದಲ್ಲೇ ಬುಕ್ ಮಾಡಿಡಿ. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹಸಿರು ಬೇಕಿದ್ದರೆ ಭತ್ತವನ್ನು 12ರಂದು ಒಂದು ದಿನ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, 15ರ ಹೊತ್ತಿಗೆ ಮಣ್ಣಿನ ತಟ್ಟೆಗೆ ಹರಡಬೇಕು. ಕೋಣೆಯ ಕತ್ತಲಲ್ಲಿಟ್ಟರೆ ಹಳದಿಯಾಗಿ ಉದ್ದಕ್ಕೆ ಬೆಳೆದು ಬೀಳುತ್ತದೆ, ಬೆಳಕು ಬೀಳುವ ಕಿಟಕಿ ಬೇಕು. 24ರಂದು ಅಡುಗೆಮನೆಯಲ್ಲಿ ಇಡ್ಲಿಯಂಥ ಸನ್ನದ ಹಿಟ್ಟು, ಬಫಾತ್ (ಮಾಂಸದ ಸಾರು) ಎರಡೇ ಉಳಿಯಬೇಕು. ಡಿಸೆಂಬರ್ ಚಳಿಗೆ ಹಿಟ್ಟು ನಿಧಾನಕ್ಕೆ ಹುದುಗುತ್ತದೆ, ಹಾಗಾಗಿ ಚರ್ಚಿನ ಸಂಜೆಯ ಬಲಿಪೂಜೆಗೆ ಹೊರಡುವ ಮೊದಲೇ ಅರೆದಿಡಿ. ಶೇಂದಿ ಸಿಗದೆ ಯೀಸ್ಟ್ ಹಾಕುವವರು ಅದನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ, ನೊರೆ ಬರದಿದ್ದರೆ ಆ ಯೀಸ್ಟ್ ಸತ್ತಿದೆ.

ಡಬ್ಬಿಯ ಬಗ್ಗೆ ಕಡೆಯದಾಗಿ: ಬಿಸಿ ಇರುವಾಗ ಮುಚ್ಚಳ ಹಾಕಬೇಡಿ, ಸಿಹಿ ಖಾರ ಒಂದೇ ಡಬ್ಬಿಗೆ ಹಾಕಬೇಡಿ, ದಿನಾ ತಿನ್ನಲು ಒಂದು ಚಿಕ್ಕ ಡಬ್ಬಿ ಬೇರೆ ಇರಲಿ. ದೊಡ್ಡ ಡಬ್ಬಿ ಮತ್ತೆ ಮತ್ತೆ ತೆರೆದರೆ ಮೊದಲು ಮೆತ್ತಗಾಗುವುದು ಕೊಕ್ಕಿಸಾಂ. ಮೆತ್ತಗಾದದ್ದನ್ನು ಓವನ್‌ನಲ್ಲಿ 100 ಡಿಗ್ರಿಗೆ ಏಳೆಂಟು ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಗರಿಯಾಗುತ್ತದೆ. ಸಕ್ಕರೆ ಹಚ್ಚಿದ ಕಿಡ್ಯೊಗೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಜನವರಿ 6ರ ಮೂವರು ರಾಜರ ಹಬ್ಬದೊಳಗೆ ತಿಂದು ಮುಗಿಸುವುದೇ ಸರಿ.

ಇಂತಿ,
ಮನೆಯಲ್ಲೇ ಕುಸ್ವಾರ್ ಮಾಡುವ ಕೆಲವು ಓದುಗರು, ಮಂಗಳೂರು