ಆ ಶೇಕಡಾ 7 ಎಲ್ಲಿಗೆ ಹೋಯಿತು?

ಮಾನ್ಯರೇ,

ಅಂಗವಿಕಲರ ಪ್ರಮಾಣಪತ್ರ ಶಿಬಿರ ಸುಸೂತ್ರವಾಗಿ ನೆರವೇರಿತೆಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ, ಅದೇ ಶಿಬಿರದ ಸಾಲಿನಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ನಿಂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ವೈಕಲ್ಯವು ದೇಹದಲ್ಲಿಯೇ ಇರುತ್ತದೆ, ಇದ್ದುದನ್ನು ನಾವು ಅಳೆದು ಬರೆಯುತ್ತೇವೆ ಅಷ್ಟೆ’ ಎಂದು ಅಧಿಕಾರಿಗಳು ಅಪ್ಪಣೆ ಕೊಡಿಸಿದ್ದಾರೆ. ನನ್ನ ತಕರಾರು ಈ ಮಾತಿನ ಮೇಲೆಯೇ.

ಮೂರನೇ ವಯಸ್ಸಿನಲ್ಲಿ ಪೋಲಿಯೊ ತಗುಲಿದ ನನ್ನ ತಮ್ಮನಿಗೆ ಈಗ 46 ವರ್ಷ. ಎಡಗೈಯಿಂದ ಎಡತೊಡೆಯನ್ನು ಒತ್ತಿ ಹಿಡಿಯದೆ ಅವನಿಗೆ ಹೆಜ್ಜೆ ಕಿತ್ತಿಡಲಾಗುವುದಿಲ್ಲ. ಹೀಗಾಗಿ ಅವನ ಪ್ಯಾಂಟುಗಳೆಲ್ಲ ಅಂಗೈ ಊರುವ ಆ ಒಂದು ಜಾಗದಲ್ಲಿಯೇ ಮೊದಲು ಸವೆದು ಬಿಳಿಚಿಕೊಳ್ಳುತ್ತವೆ. ಹಳೆಯ ಪ್ರಮಾಣಪತ್ರದಲ್ಲಿ ಶೇಕಡಾ 45 ಎಂದಿದ್ದ ಅವನ ವೈಕಲ್ಯ ಈ ಸಲ ಶೇಕಡಾ 38ಕ್ಕೆ ಇಳಿದಿದೆ. ಸೌಲಭ್ಯಕ್ಕೆ ಕನಿಷ್ಠ ಬೇಕಾದ ಶೇಕಡಾ 40 ಮುಟ್ಟದ ಕಾರಣ ಬಸ್ ಪಾಸೂ ಇಲ್ಲ, ಮಾಸಾಶನವೂ ಇಲ್ಲ. ಕಾಲು ಅದೇ, ಬೇನೆ ಅದೇ, ಸವೆದ ಪ್ಯಾಂಟೂ ಅದೇ. ಶಿಬಿರ ನಡೆದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದವರನ್ನೆಲ್ಲ ಅರ್ಧ ಗುಣವಾದವರೆಂದು ವೈದ್ಯರು ಭಾವಿಸಿರಲೂಬಹುದು!

ಈ 40 ಎಂಬ ಗೆರೆ ಯಾರ ಮೂಳೆಯ ಮೇಲೂ ಹುಟ್ಟಿನಿಂದ ಮೂಡಿ ಬಂದದ್ದಲ್ಲ, ದೆಹಲಿಯಲ್ಲಿ ಕುಳಿತು ಎಳೆದದ್ದು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯವನ್ನು ಮಾತ್ರ ಗುರುತಿಸಿತ್ತು, 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿ ಪಾರ್ಕಿನ್ಸನ್ ಕಾಯಿಲೆಯನ್ನೂ ಸೇರಿಸಿತು. ಹಾಗಾದರೆ ಆ ರೋಗಿಗಳ ಕೈ ಅಲ್ಲಿಯವರೆಗೆ ನಡುಗದೆ ಸುಮ್ಮನಿತ್ತೇ? ಬಿಪಿಯದೂ ಇದೇ ಕಥೆ. 2017ರಲ್ಲಿ ಅಮೆರಿಕದ ಹೃದ್ರೋಗ ತಜ್ಞರು ಅದರ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದಾಗ, ರಾತ್ರಿ ನೆಟ್ಟಗೆ ಉಂಡು ಮಲಗಿದ್ದ ಅಲ್ಲಿನ ಕೋಟ್ಯಂತರ ಜನ ಬೆಳಗಾಗುವುದರೊಳಗೆ ರೋಗಿಗಳಾಗಿ ಎದ್ದರು. ಹಾಗೆಂದು ರೋಗವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಪೋಲಿಯೊ ವೈರಾಣು ಬೆನ್ನುಹುರಿಯ ನರಕೋಶಗಳನ್ನು ಕೊಂದದ್ದು ಯಾರ ಅಭಿಪ್ರಾಯವೂ ಅಲ್ಲ. ಆದರೆ ಕಾಲು ಎಷ್ಟು ಸೊರಗಿದರೆ ಮನುಷ್ಯ ಅಂಗವಿಕಲನಾಗುತ್ತಾನೆ ಎಂಬುದು ಮನುಷ್ಯರೇ ಮಾಡಿದ ತೀರ್ಮಾನ. ಅದರ ಹೊಣೆಯನ್ನು ತಾವು ಹೊರುವುದು ಬಿಟ್ಟು, ಮೊದಲೇ ಸೋತಿರುವ ಆ ಕಾಲಿನ ಮೇಲೆಯೇ ಹೊರಿಸುವುದು ಯಾವ ನ್ಯಾಯ?

ರೋಗಕ್ಕೆ ಅರ್ಥ ಕಟ್ಟುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದಾಖಲಾದಾಗ, ಬೆಂಗಳೂರಿನಲ್ಲಿ ಬಾಡಿಗೆಗಿದ್ದ ನನ್ನ ಸೋದರಳಿಯನಿಗೆ, ಅವನು ಊರಿಗೆ ಬಂದು ಹೋಗಿ ಆರು ತಿಂಗಳಾಗಿದ್ದರೂ, ಮನೆ ಖಾಲಿ ಮಾಡುವಂತೆ ಮಾಲೀಕರು ಹೇಳಿದರು. ಆಗ ವೈರಾಣು ಇದ್ದದ್ದು ಅವನ ಮೂಗಿನಲ್ಲಲ್ಲ, ಆಧಾರ್ ಕಾರ್ಡಿನ ವಿಳಾಸದಲ್ಲಿ. ನಮ್ಮ ಓಣಿಯ ನಳದಲ್ಲಿ ಚರಂಡಿ ವಾಸನೆಯ ನೀರು ಬರುತ್ತಿದೆಯೆಂದು ಎರಡು ಸಲ ಅರ್ಜಿ ಕೊಟ್ಟರೆ, ಪರೀಕ್ಷೆಯಲ್ಲಿ ನೀರು ‘ಯೋಗ್ಯ’ವೆಂದು ಬಂದಿದೆ ಎಂಬ ಉತ್ತರ ಸಿಕ್ಕಿತು. ಅಲ್ಲಿಯೂ ಅಂಕಿಯೇ ಗೆದ್ದಿತು, ನಮ್ಮ ಮೂಗು ಸೋತಿತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಿಕ್ಕ ವಿಶೇಷ ಸ್ಥಾನಮಾನ ಬಹುಶಃ ಇದೇ ಇರಬೇಕು.

ಆದ್ದರಿಂದ ಸಂಬಂಧಪಟ್ಟವರು ಶಿಬಿರದಲ್ಲಿ ಅನ್ಯಾಯವಾದವರನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಲಿ, ಇಲ್ಲವೇ ಆ 40ರ ಗೆರೆಯನ್ನೇ ತೆಗೆಸಲಿ. ಎರಡೂ ಆಗದಿದ್ದರೆ ಒಂದು ಕೈಯಿಂದ ತೊಡೆ ಒತ್ತಿ ಹಿಡಿದು ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದಿಂದ ಕೇಂದ್ರ ಬಸ್ ನಿಲ್ದಾಣದವರೆಗೆ, ಅದೂ ಮೇ ತಿಂಗಳ ಮಧ್ಯಾಹ್ನದಲ್ಲಿ, ಒಮ್ಮೆ ನಡೆದು ತೋರಿಸಲಿ. ಅದಕ್ಕೂ ಮೊದಲು ಆ ಲಿಫ್ಟನ್ನಾದರೂ ರಿಪೇರಿ ಮಾಡಿಸಲಿ.

– ನೊಂದ ಓದುಗ, ಕಲಬುರಗಿ